ಸಿಗರೇಟು ಚೀಟಿಯ ಬೆಲೆ

ಸಿಗರೇಟು ಪೊಟ್ಟಣದಲ್ಲಿ ಪುಕ್ಕಟೆಯಾಗಿ ಬಂದ ಚಿತ್ರದ ಚೀಟಿಗೆ ಬೆಲೆ ಕಟ್ಟುವವರು ಯಾರು? 1909ರಲ್ಲಿ ಅಮೆರಿಕನ್ ಟೊಬ್ಯಾಕೊ ಕಂಪೆನಿ ಬೇಸ್‌ಬಾಲ್ ಆಟಗಾರರ ಚಿತ್ರಗಳನ್ನು ಹೀಗೆ ಹಂಚತೊಡಗಿತು. ಹೋನಸ್ ವ್ಯಾಗ್ನರ್‌ನ ಚಿತ್ರ ಬೇಗನೆ ನಿಂತುಹೋಗಿ ವಿರಳವಾಯಿತು. ಅದರ ಒಂದು ಪ್ರತಿಯ ಕಥೆ ನನಗೆ ಬಹಳ ಸ್ವಾರಸ್ಯವಾಗಿ ಕಂಡಿದೆ. 1987ರಲ್ಲಿ ಬಿಲ್ ಮ್ಯಾಸ್ಟ್ರೊ ಎಂಬ ವರ್ತಕ ಅದನ್ನು ಖಾಸಗಿಯಾಗಿ 1,10,000 ಡಾಲರಿಗೆ ಮಾರಿದ. 1991ರ ಸೋದ್‌ಬೀಸ್ ಹರಾಜಿನಲ್ಲಿ 4,51,000. 2000ದಲ್ಲಿ ಈಬೇ ಜಾಲತಾಣದ ಹರಾಜಿನಲ್ಲಿ 12,65,000. ಮುಂದೆ 2007ರಲ್ಲಿ ಎರಡು ಸಲ, ಎರಡೂ ಖಾಸಗಿಯಾಗಿಯೇ, ಕೈಬದಲಾಯಿತು: ಮೊದಲು 23,50,000, ಕೆಲವೇ ತಿಂಗಳಲ್ಲಿ 28,00,000.

ಹರಾಜಿನ ಬೆಲೆ ನಾಲ್ವರೆದುರು ಕೂಗಿದ್ದು. ಅದು ಏರಬೇಕಾದರೆ ಇಬ್ಬರು ಹಟಮಾರಿಗಳಾದರೂ ಬೇಕು. ಖಾಸಗಿ ಮಾರಾಟದಲ್ಲಿ ಹರಾಜುಗಾರನ ದಳ್ಳಾಳಿ ಉಳಿಯುತ್ತದೆ, ನಿಜ. ಬೆಲೆಗೆ ಸಾಕ್ಷಿ ಮಾತ್ರ ಇಲ್ಲ. ಹಾಗಾಗಿ ನಾನು ಹರಾಜಿನ ಪಕ್ಷದವನು.

ಆದರೂ ಒಂದು ತೊಡಕಿದೆ. ಬೇರೊಂದು ವಂಚನೆಯ ಮೊಕದ್ದಮೆಯಲ್ಲಿ 2013ರಲ್ಲಿ ತಪ್ಪೊಪ್ಪಿಕೊಂಡ ಮ್ಯಾಸ್ಟ್ರೊ, ಆ ಚೀಟಿಯ ಅಂಚನ್ನು ತಾನೇ ಕತ್ತರಿಸಿ ನೇರ್ಪಡಿಸಿದ್ದಾಗಿಯೂ ಒಪ್ಪಿಕೊಂಡ. ಅಂಚು ಕತ್ತರಿಸಿದ ಚೀಟಿಗೆ ಸಂಗ್ರಾಹಕರಲ್ಲಿ ಮರ್ಯಾದೆಯಿಲ್ಲ. ಪರೀಕ್ಷಕ ಸಂಸ್ಥೆ ಇದಕ್ಕೆ ಹತ್ತರಲ್ಲಿ ಎಂಟಂಕ ಕೊಟ್ಟಿತ್ತು. 2000ದ ಬಹಿರಂಗ ಸವಾಲಿನಲ್ಲಿಯೂ, 2007ರ ಎರಡು ಗುಟ್ಟಿನ ಮಾರಾಟಗಳಲ್ಲಿಯೂ ಚೀಟಿ ಆ ಎಂಟಂಕದೊಡನೆಯೇ ಬಿಕರಿಯಾಗಿತ್ತು.