ಬಾಗಿಲು ಮುಚ್ಚಿದ ಊರಿನ ಲೆಕ್ಕ

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದು ಬಂಡೀಪುರದ ಕಾಡು ಹೊಕ್ಕು ಕೆಕ್ಕನಹಳ್ಳ ದಾಟಿದರೆ ತಮಿಳುನಾಡು. ಸುಲ್ತಾನ್ ಬತ್ತೇರಿ ರಸ್ತೆಯಲ್ಲಿ ಮದ್ದೂರು, ಮೂಲೆಹೊಳೆ ದಾಟಿದರೆ ಕೇರಳ. ತಾಲ್ಲೂಕಿನ ಭೀಮನಬೀಡು ಮತ್ತು ಸುತ್ತಲ ಊರುಗಳಿಗೆ ಈ ಎರಡು ಗಡಿಗಳೂ ಪರದೇಶವಲ್ಲ. ತರಕಾರಿ ಲಾರಿ, ಶುಂಠಿ ಹೊಲದ ಕೂಲಿ, ನೆಂಟಸ್ತಿಕೆ ಎಲ್ಲವೂ ಗಡಿಯಾಚೆಗೂ ಹರಡಿವೆ. ಐದನೇ ಸುತ್ತಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವರದಿಯಲ್ಲಿ ಈ ಮೂರು ರಾಜ್ಯಗಳ ಅಂಕಿಗಳು ಒಂದೇ ಪಟ್ಟಿಯಲ್ಲಿ ಕೂತಿವೆ. ಆದರೆ ಅವು ಒಂದೇ ಕಾಲದ ಅಂಕಿಗಳಲ್ಲ. ಕರ್ನಾಟಕದ ಮನೆಗಳಿಗೆ ಸಮೀಕ್ಷಕರು ಬಂದದ್ದು 2019ರ ಜುಲೈಯಿಂದ ಡಿಸೆಂಬರಿನವರೆಗೆ. ಕೇರಳದ ಕೆಲಸವೂ ಆಗಲೇ ಮುಗಿಯಿತು. ತಮಿಳುನಾಡಿನಲ್ಲಿ 2020ರ ಜನವರಿಯಲ್ಲಿ ಶುರುವಾದ ಕೆಲಸ ಮಾರ್ಚಿನಲ್ಲಿ ಲಾಕ್‌ಡೌನ್‌ಗೆ ಸಿಕ್ಕಿ ನಿಂತುಹೋಯಿತು. ಮತ್ತೆ ಹೊರಟದ್ದು ಡಿಸೆಂಬರಿನಲ್ಲಿ, ಮುಗಿದದ್ದು 2021ರ ಮಾರ್ಚಿಗೆ. ಕಾಡಿನ ಈ ಬದಿಯ ತಾಯಿ ಉತ್ತರ ಕೊಟ್ಟದ್ದು ಕೊರೊನಾ ಎಂಬ ಹೆಸರು ಕೇಳುವ ಮುನ್ನ. ಆ ಬದಿಯ ಎಷ್ಟೋ ತಾಯಂದಿರು ಉತ್ತರ ಕೊಟ್ಟದ್ದು ಒಂದು ವರ್ಷದ ಕೆಲಸ, ಕೂಲಿ, ಆಸ್ಪತ್ರೆ ಎಲ್ಲ ಏರುಪೇರಾದ ಮೇಲೆ.

ಮನೆಬಾಗಿಲಿಗೆ ಹೋಗಿ ಕೇಳಿ ಬರೆಯುವ ಕೆಲಸಕ್ಕೆ ಅಡ್ಡಿ ಬಂದಾಗ ಏನು ಮಾಡಬೇಕು ಎಂಬ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. ಗುಂಡ್ಲುಪೇಟೆ ಸೇರಿರುವ ಚಾಮರಾಜನಗರ 1997ರಲ್ಲಿ ಬೇರೆ ಜಿಲ್ಲೆಯಾಯಿತು. ಅದಕ್ಕೂ ಮೊದಲು, ಮೈಸೂರಿನ ಭಾಗವಾಗಿದ್ದಾಗಲೇ, ಬರ, ಪ್ಲೇಗು, ಜ್ವರಗಳು ಒಂದೊಂದಾಗಿ ಬಂದು ಲೆಕ್ಕದ ಪುಸ್ತಕವನ್ನು ಪರೀಕ್ಷೆಗೆ ಒಡ್ಡಿದವು.

ಮೈಸೂರು ಸಂಸ್ಥಾನದ ಮೊದಲ ಕ್ರಮಬದ್ಧ ಜನಗಣತಿ ನಡೆದದ್ದು 1871ರಲ್ಲಿ. ಆಗ ಜನಸಂಖ್ಯೆ 50,55,412. ಹತ್ತು ವರ್ಷದ ನಂತರ ಎಣಿಸಿದಾಗ ಸಿಕ್ಕಿದ್ದು 41,86,188. ನಡುವೆ 1876–78ರ ಮಹಾಕ್ಷಾಮ ಬಂದು ಹೋಗಿತ್ತು. ಎಂಟೂವರೆ ಲಕ್ಷಕ್ಕೂ ಹೆಚ್ಚು ಜನ ಕಡಿಮೆಯಾದದ್ದನ್ನು ಊರಿನ ಪಟೇಲರು, ಶಾನುಭೋಗರು ಇಟ್ಟ ಸಾವಿನ ಪುಸ್ತಕಗಳು ಹೇಳುವ ಸ್ಥಿತಿಯಲ್ಲಿರಲಿಲ್ಲ. ಬರೆಯಬೇಕಾದವರ ಮನೆಯಲ್ಲೂ ಹಸಿವಿತ್ತು, ಜನ ಊರು ಬಿಟ್ಟು ರಸ್ತೆಯಲ್ಲಿ ಸಾಯುತ್ತಿದ್ದರು. ಒಂದು ಪುಸ್ತಕ ಕೈಬಿಟ್ಟ ಲೆಕ್ಕವನ್ನು ಇನ್ನೊಂದು ಪುಸ್ತಕ ತಡವಾಗಿಯಾದರೂ ಹಿಡಿದುಕೊಟ್ಟಿತು.

1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರಿಗೆ ಬಂತು. ಅಲ್ಲಿಂದ ಮೈಸೂರಿಗೆ, ಸಂತೆಯೂರುಗಳಿಗೆ ಹರಡಿತು. ಇಲಿ ಬಿತ್ತು ಎಂದರೆ ಊರು ಬಿಡಬೇಕು. ಬೀಗ ಹಾಕಿ, ದನಕರು ಹೊಡೆದುಕೊಂಡು, ಹೊಲದಲ್ಲಿ ಗರಿಯ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುವುದು ಹಳೇ ಮೈಸೂರಿನ ಒಂದು ತಲೆಮಾರಿಗೆ ರೂಢಿಯೇ ಆಯಿತು. ಈ ಕಾಲದಲ್ಲೇ, 1901ರ ಮಾರ್ಚ್ 1ರಂದು, ಗಣತಿ ಬಂತು. ಗಣತಿದಾರನ ಕೆಲಸವೆಲ್ಲ ಮನೆಯ ಮೇಲೆ ಬರೆದ ಸಂಖ್ಯೆಯ ಮೇಲೆ ನಿಂತದ್ದು. ಮನೆಯೇ ಖಾಲಿಯಾದರೆ ಸಂಖ್ಯೆ ಇದ್ದೇನು ಫಲ? ಉಳಿಸಿದ್ದು ಅಂದಿನ ಒಂದು ನಿಯಮ. ಗಣತಿಯ ರಾತ್ರಿ ಯಾರು ಎಲ್ಲಿ ಸಿಕ್ಕರೋ ಅಲ್ಲೇ ಎಣಿಸಬೇಕು. ಹಾಗಾಗಿ ಹೊಲದ ಗುಡಿಸಲೂ ಲೆಕ್ಕಕ್ಕೆ ಮನೆಯೇ, ಛತ್ರದ ಜಗಲಿಯೂ ಮನೆಯೇ. ರಾತ್ರಿ ಓಡಾಡಲಾಗದ ಕಾಡಿನ ಸೀಮೆಗಳಲ್ಲಿ ಹಗಲಲ್ಲಿ ಎಣಿಸುವ ವಿನಾಯಿತಿಯೂ ಗಣತಿಯ ನಿಯಮಗಳಲ್ಲಿತ್ತು. ಜನ ಇರುವಲ್ಲಿಗೆ ಪುಸ್ತಕ ಹೋಗಬೇಕು ಎಂಬ ಈ ತಿಳಿವಳಿಕೆ ನೂರಿಪ್ಪತ್ತೈದು ವರ್ಷ ಹಳೆಯದು. ಇವತ್ತಿನ ಯಾವ ಆ್ಯಪ್‌ಗಿಂತಲೂ ಅದು ಹಿರಿದು ಎಂದೇ ಹೇಳಬೇಕು.

1918ರ ಇನ್‌ಫ್ಲುಯೆಂಜಾ ಇದಕ್ಕಿಂತ ಕ್ರೂರವಾಗಿತ್ತು. ಪ್ಲೇಗು ಬಂದರೆ ಊರು ಬಿಟ್ಟು ಉಳಿಯಬಹುದಿತ್ತು, ಈ ಜ್ವರಕ್ಕೆ ಓಡಿಹೋಗಲು ಜಾಗವೇ ಇರಲಿಲ್ಲ. ಸಾವು ಬರೆದುಕೊಳ್ಳುವವರೂ ಮಲಗಿದರು. ಭಾರತದಲ್ಲಿ ಸತ್ತವರು ಸುಮಾರು 1.25 ಕೋಟಿ ಎಂದು 1921ರ ಗಣತಿಯ ಹೊತ್ತಿಗೆ ಅಂದಾಜಿಸಲಾಯಿತು. ಮುಂದೆ ಸಂಶೋಧಕರು ಗಣತಿಯ ಅಂಕಿಗಳನ್ನು ಮತ್ತೆ ಜಾಲಾಡಿ 1.7–1.8 ಕೋಟಿ ಎಂದರು. ಮೈಸೂರು ಸಂಸ್ಥಾನದ ಜನಸಂಖ್ಯೆ 1911ರಿಂದ 1921ರವರೆಗೆ ಬೆಳೆದದ್ದು ಶೇ 3ರಷ್ಟು ಮಾತ್ರ. 58,06,193 ಇದ್ದದ್ದು 59,78,892 ಆಯಿತು, ಅಷ್ಟೇ.

1931ರ ಮೈಸೂರು ಗಣತಿಯ ವರದಿ ಬರೆದವರು ಎಂ. ವೆಂಕಟೇಶ ಅಯ್ಯಂಗಾರ್, ಅಂದರೆ ನಮ್ಮ ಮಾಸ್ತಿ. ಆಗ ಅವರು ಸಂಸ್ಥಾನದ ಗಣತಿ ಸೂಪರಿಂಟೆಂಡೆಂಟ್. ಬ್ರಿಟಿಷ್ ಭಾರತದ ಹಲವೆಡೆ ಕಾಂಗ್ರೆಸ್ ಆ ಗಣತಿಯನ್ನು ಬಹಿಷ್ಕರಿಸಲು ಕರೆ ಕೊಟ್ಟಿತ್ತು. ರೋಗವಷ್ಟೇ ಅಲ್ಲ, ಸರ್ಕಾರದ ಮೇಲಿನ ಅಪನಂಬಿಕೆಯೂ ಬಾಗಿಲು ಮುಚ್ಚಿಸಬಲ್ಲದು.

ಒಂದು ಪುಸ್ತಕ ಬಿಟ್ಟದ್ದನ್ನು ಇನ್ನೊಂದು ಹಿಡಿದುಕೊಡುವ ಈ ಹಳೆಯ ಅನುಭವಕ್ಕೆ ಗಣಿತದ ರೂಪ ಕೊಟ್ಟವರಲ್ಲಿ ಒಬ್ಬರು ಭಾರತೀಯರು, ಸಿ. ಚಂದ್ರಶೇಖರನ್. 1949ರಲ್ಲಿ ಅವರು ಅಮೆರಿಕದ ಎಡ್ವರ್ಡ್ಸ್ ಡೆಮಿಂಗ್ ಜೊತೆ ಬರೆದ ಪ್ರಬಂಧವನ್ನು ಜನಸಂಖ್ಯಾಶಾಸ್ತ್ರದವರು ಇಂದಿಗೂ ಓದುತ್ತಾರೆ. ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ 1951–52ರಲ್ಲಿ ಕ್ಷೇತ್ರಕಾರ್ಯ ನಡೆಸಿದ, 1961ರಲ್ಲಿ ಪ್ರಕಟವಾದ ‘ಮೈಸೂರು ಜನಸಂಖ್ಯಾ ಅಧ್ಯಯನ’ದ ಹೊಣೆ ಹೊತ್ತವರಲ್ಲೂ ಅವರಿದ್ದರು.

1949ರ ಆ ಪ್ರಬಂಧದ ಸೂತ್ರ ಒಂದು ಸ್ಲೇಟಿನ ಮೇಲೆ ಬಿಡಿಸುವಷ್ಟು ಸರಳ. ಒಂದು ಊರಿನಲ್ಲಿ ವರ್ಷಕ್ಕೆ ಹುಟ್ಟಿದ ಮಕ್ಕಳನ್ನು ಊರಿನಲ್ಲೇ ಇರುವ ಕಾರ್ಯಕರ್ತೆ ಬರೆದಿಟ್ಟಿದ್ದಾಳೆ ಎನ್ನೋಣ, ಒಟ್ಟು 40. ಹೊರಗಿನಿಂದ ಬಂದ ಸಮೀಕ್ಷಕ ತಾನೇ ಮನೆಮನೆ ಸುತ್ತಿ 36 ಬರೆದ. ಎರಡು ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿದರೆ ಎರಡರಲ್ಲೂ ಇರುವ ಮಕ್ಕಳು 30. ಆಕೆಯ ಪಟ್ಟಿಯಲ್ಲಿ ಮಾತ್ರ ಇರುವವರು 10, ಅವನದರಲ್ಲಿ ಮಾತ್ರ ಇರುವವರು 6. ಇಬ್ಬರ ಕಣ್ಣಿಗೂ ಬೀಳದವರು ಎಷ್ಟು? ಹತ್ತನ್ನು ಆರರಿಂದ ಗುಣಿಸಿ ಮೂವತ್ತರಿಂದ ಭಾಗಿಸಿದರೆ 2. ಊರಿನ ನಿಜವಾದ ಲೆಕ್ಕ 48. ಯಾರೂ ನೋಡದ ಎರಡು ಮಕ್ಕಳನ್ನು ಎರಡು ಅರೆಕೊರೆ ಪಟ್ಟಿಗಳು ಸೇರಿ ಹುಡುಕಿಕೊಟ್ಟವು. ಇದೇ ತತ್ವದ ಮೇಲೆ 1964–65ರಲ್ಲಿ ಪ್ರಯೋಗವಾಗಿ ಶುರುವಾಗಿ 1969–70ಕ್ಕೆ ಪೂರ್ಣರೂಪ ಪಡೆದದ್ದು ನಮ್ಮ ಮಾದರಿ ನೋಂದಣಿ ವ್ಯವಸ್ಥೆ. ಊರಿನಲ್ಲಿರುವ ಅಂಗನವಾಡಿ ಕಾರ್ಯಕರ್ತೆಯೋ ಶಿಕ್ಷಕರೋ ಹುಟ್ಟು ಸಾವು ಬರೆಯುತ್ತ ಹೋಗುತ್ತಾರೆ, ಆರು ತಿಂಗಳಿಗೊಮ್ಮೆ ಮೇಲ್ವಿಚಾರಕ ಬೇರೆಯಾಗಿ ಎಣಿಸುತ್ತಾನೆ, ಎರಡನ್ನೂ ತಾಳೆ ನೋಡುತ್ತಾರೆ. ದೇಶದ ಶಿಶುಮರಣ ದರ ಎಂದು ವರ್ಷವರ್ಷ ಪತ್ರಿಕೆಯಲ್ಲಿ ಓದುವ ಅಂಕಿ ಬರುವುದು ಇಲ್ಲಿಂದ.

ಮನೆಬಾಗಿಲಿಗೆ ಹೋಗಿ ಬರೆಯುವ ಇಂಥ ವ್ಯವಸ್ಥೆಗಳ ಕೈ ಕಟ್ಟಿಹಾಕಿದರೆ ಏನಾಗುತ್ತದೆ ಎಂಬುದು 2020ರಲ್ಲಿ ಕಂಡಿತು. ಮಾರ್ಚ್ 18ರಂದು ಕೇಂದ್ರದ ಕಾರ್ಮಿಕ ಬಲ ಸಮೀಕ್ಷೆ ನಿಂತಿತು. ಜೂನಿನಲ್ಲಿ ಮತ್ತೆ ಶುರುವಾದಾಗ ಮರುಭೇಟಿಗಳನ್ನು ಫೋನಿನಲ್ಲಿ ಮುಗಿಸಿದರು. ಅದು ಸಾಧ್ಯವಾದದ್ದು ಮೊದಲ ಭೇಟಿಯಲ್ಲಿ ಯಾರೋ ಆ ಮನೆಯ ಮೆಟ್ಟಿಲು ಹತ್ತಿ ಪರಿಚಯ ಮಾಡಿಕೊಂಡಿದ್ದರಿಂದ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 78ನೇ ಸುತ್ತು 2020ರ ಡಿಸೆಂಬರಿಗೆ ಮುಗಿಯಬೇಕಿತ್ತು, 2021ರ ಆಗಸ್ಟ್ 15ರವರೆಗೆ ಎಳೆಯಿತು. ಮಾದರಿ ನೋಂದಣಿಯ 2021ರ ವರದಿ ಹೊರಬಂದದ್ದು 2025ರ ಮೇನಲ್ಲಿ.

ಶ್ರೀಮಂತ ದೇಶಗಳಿಗೂ ಸುಲಭದ ದಾರಿ ಇರಲಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂದರ್ಶನ ಸಮೀಕ್ಷೆ 2020ರ ಮಾರ್ಚ್ 19ರಿಂದ ಫೋನಿಗೆ ಬದಲಾಯಿತು. ಉತ್ತರಿಸುವವರ ಪ್ರಮಾಣ ಕುಸಿಯಿತು, ಉತ್ತರಿಸಿದವರಲ್ಲಿ ಅನುಕೂಲಸ್ಥರೇ ಹೆಚ್ಚಾದರು. ದೊಡ್ಡ ಟ್ರೇಲರುಗಳಲ್ಲಿ ಜನರ ರಕ್ತ, ತೂಕ, ರಕ್ತದೊತ್ತಡ ಪರೀಕ್ಷಿಸುವ ಅಲ್ಲಿನ ಇನ್ನೊಂದು ಸಮೀಕ್ಷೆ ಪೂರ್ತಿ ನಿಂತಿತು. ಅದು ಮತ್ತೆ ಹೊರಟದ್ದು 2021ರ ಆಗಸ್ಟಿನಲ್ಲಿ. ಫೋನಿನಲ್ಲಿ ರಕ್ತ ತೆಗೆಯಲಾಗುವುದಿಲ್ಲವಲ್ಲ.

ನಮ್ಮ ಕುಟುಂಬ ಆರೋಗ್ಯ ಸಮೀಕ್ಷೆಗೂ ಇದೇ ಕಷ್ಟ. ರಕ್ತಹೀನತೆ ಗೊತ್ತಾಗಬೇಕಾದರೆ ಬೆರಳ ತುದಿ ಚುಚ್ಚಿ ಒಂದು ಹನಿ ತೆಗೆಯಬೇಕು. ಮಗು ಕುಳ್ಳಾಗಿದೆಯೇ ಎಂದು ತಿಳಿಯಲು ಅಳೆಯುವ ಹಲಗೆಗೆ ನಿಲ್ಲಿಸಿಯೋ ಮಲಗಿಸಿಯೋ, ಅದು ಅತ್ತರೂ ಕಾಲು ಹಿಡಿದು ನೆಟ್ಟಗೆ ಮಾಡಬೇಕು. ಇನ್ನೂ ಸೂಕ್ಷ್ಮವಾದದ್ದು ಗಂಡ ಹೊಡೆಯುತ್ತಾನೆಯೇ ಎಂಬ ಪ್ರಶ್ನೆ. ಅದನ್ನು ಒಂದು ಮನೆಯಲ್ಲಿ ಒಬ್ಬ ಹೆಂಗಸಿಗೆ ಮಾತ್ರ, ಬೇರೆ ಯಾರೂ ಕೇಳಿಸಿಕೊಳ್ಳದಂತೆ ಕೇಳಬೇಕು. ಅತ್ತೆಯೋ ಗಂಡನೋ ಒಳಗೆ ಬಂದರೆ ಮಾತು ನಿಲ್ಲಬೇಕು. ಏಕಾಂತ ಸಿಗದಿದ್ದರೆ ಆ ಭಾಗವನ್ನೇ ಬಿಡಬೇಕು. ಲಾಕ್‌ಡೌನಿನಲ್ಲಿ ಇಡೀ ಮನೆಯವರು ಒಂದೇ ಸೂರಿನಡಿ ಇದ್ದಾಗ, ಗಂಡನ ಕೈಯಲ್ಲಿರುವ ಫೋನಿಗೆ ಕರೆ ಮಾಡಿ ಇದನ್ನು ಯಾರು ಕೇಳಿಯಾರು? ಅದೇ ಸಮೀಕ್ಷೆಯ ಪ್ರಕಾರ ತಾವೇ ಬಳಸುವ ಮೊಬೈಲ್ ಇದ್ದ ಹೆಂಗಸರು ದೇಶದಲ್ಲಿ ಶೇ 54, ಕರ್ನಾಟಕದಲ್ಲಿ ಸುಮಾರು ಶೇ 62. ಹಾಗಾಗಿ ಸಮೀಕ್ಷೆಯನ್ನು ನಿಲ್ಲಿಸಿ ಕಾಯ್ದದ್ದೇ ಸರಿ. ತಡವಾದ ಅಂಕಿಯನ್ನು ಸಹಿಸಬಹುದು, ಬಡವರನ್ನು ಬಿಟ್ಟ ಅಂಕಿಯನ್ನು ಸಹಿಸಲಾಗದು.

ಆದರೆ ಕಾಯಲಾಗದ ಲೆಕ್ಕಗಳೂ ಇದ್ದವು. ಮುದುಕರು, ಸಕ್ಕರೆ ಕಾಯಿಲೆಯವರು, ಬಸುರಿಯರು ಎಲ್ಲಿದ್ದಾರೆ ಎಂದು ಆಗಲೇ ಗೊತ್ತಾಗಬೇಕಿತ್ತು. ಇಲ್ಲಿ ಕರ್ನಾಟಕ ಮಾಡಿದ ಕೆಲಸ ನಿಜಕ್ಕೂ ದೊಡ್ಡದು. 2020ರ ಮೇ ತಿಂಗಳಲ್ಲಿ ಮನೆಗೆ ಹೋಗಿಯೋ ಫೋನ್ ಮಾಡಿಯೋ ರಾಜ್ಯದ 168 ಲಕ್ಷ ಮನೆಗಳಲ್ಲಿ 153 ಲಕ್ಷ ಮನೆಗಳ ಮಾಹಿತಿ ಸಂಗ್ರಹಿಸಿದರು. ಮತಗಟ್ಟೆ ಅಧಿಕಾರಿಗಳು ಇದಕ್ಕೆ ದುಡಿದರು, ಅವರು ತಂದ ವಿವರಕ್ಕೆ ಆರೋಗ್ಯ ಇಲಾಖೆಯಲ್ಲಿ ಆಗಲೇ ಇದ್ದ ಗರ್ಭಿಣಿಯರ, ಕ್ಷಯ ಮತ್ತು ಡಯಾಲಿಸಿಸ್ ರೋಗಿಗಳ ಪಟ್ಟಿಗಳನ್ನು ಸೇರಿಸಲಾಯಿತು. ಅಪಾಯದಲ್ಲಿದ್ದವರ ಮನೆಗಳಿಗೆ ಆಪ್ತಮಿತ್ರ ಸಹಾಯವಾಣಿ 14410ರಿಂದ ಕರೆ ಹೋಯಿತು. ಮತ್ತೆ ಎರಡು ಪುಸ್ತಕ! ಸೆಪ್ಟೆಂಬರಿನಲ್ಲಿ ರಕ್ತದಲ್ಲಿನ ಪ್ರತಿಕಾಯಗಳ ಸಮೀಕ್ಷೆ ಮಾಡುವಾಗ ಇನ್ನೊಂದು ದಾರಿ ಹಿಡಿದರು. ಮನೆಗೆ ಹೋಗುವ ಬದಲು 30 ಜಿಲ್ಲೆಗಳ 290 ಆಸ್ಪತ್ರೆಗಳಲ್ಲಿ ತಪಾಸಣೆಗೆ ಬಂದ ಗರ್ಭಿಣಿಯರು, ರೋಗಿಗಳ ಜೊತೆ ಬಂದವರು, ಬಸ್ ಕಂಡಕ್ಟರುಗಳು, ಮಾರುಕಟ್ಟೆಯ ವ್ಯಾಪಾರಿಗಳನ್ನು ಪರೀಕ್ಷಿಸಿದರು. ಸುಮಾರು ಶೇ 27ರಷ್ಟು ಜನರಿಗೆ ಸೋಂಕು ಆಗಲೇ ತಗುಲಿತ್ತು ಎಂದು ತಿಳಿದದ್ದು ಹೀಗೆ.

ಆ ವರ್ಷ ಚಾಮರಾಜನಗರ ಜಿಲ್ಲೆ ಜೂನ್ ತಿಂಗಳವರೆಗೆ ಒಂದೂ ಪ್ರಕರಣ ಕಾಣದೆ ರಾಜ್ಯದಲ್ಲೇ ಹೆಸರಾಗಿತ್ತು. ಮರುವರ್ಷ ಮೇ 2ರ ರಾತ್ರಿ ಜಿಲ್ಲಾಸ್ಪತ್ರೆಯ ಆಮ್ಲಜನಕ ದುರಂತದಿಂದ ಅದೇ ಜಿಲ್ಲೆಯ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಆಮ್ಲಜನಕವಿಲ್ಲದೆ ಸತ್ತವರು ಮೂವರೇ ಎಂದು ಮೊದಲು ಸರ್ಕಾರದ ಕಡೆಯಿಂದ ಮಾತು ಬಂತು. ಹೈಕೋರ್ಟ್ ನೇಮಿಸಿದ ಸಮಿತಿ ಆ ಲೆಕ್ಕವನ್ನು ಒಪ್ಪಲಿಲ್ಲ. ಅಲ್ಲಿಯೂ ಸತ್ಯ ಹೊರಬಂದದ್ದು ಇನ್ನೊಬ್ಬರು ಬಂದು ಬೇರೆಯಾಗಿ ಎಣಿಸಿದಾಗ.

ಚಂದ್ರಶೇಖರನ್ ಅವರ ಸೂತ್ರಕ್ಕೆ ಒಂದು ಷರತ್ತಿದೆ. ಎರಡು ಪಟ್ಟಿಗಳೂ ಒಂದೇ ಕಾರಣಕ್ಕೆ ಒಂದೇ ಜನರನ್ನು ಬಿಡಬಾರದು. ಗುಂಡ್ಲುಪೇಟೆಯ ಕಾಡಂಚಿನಲ್ಲಿ ಈ ಷರತ್ತೇ ಮುರಿಯುತ್ತದೆ. ಜೇನುಕುರುಬರ ಹಾಡಿಯಲ್ಲಿ, ಸೋಲಿಗರ ಪೋಡಿನಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಫೋನಿನ ಪಟ್ಟಿಗೆ ಅವರಿಲ್ಲ. ಕೊಡಗಿನ ಕಾಫಿ ತೋಟಕ್ಕೋ ವಯನಾಡಿನ ಶುಂಠಿ ಹೊಲಕ್ಕೋ ಕೂಲಿಗೆ ಹೋಗಿದ್ದರೆ ಮತಗಟ್ಟೆ ಅಧಿಕಾರಿಯ ಕೈಗೂ ಸಿಗುವುದಿಲ್ಲ. ಅಷ್ಟು ದೂರದ ಆಸ್ಪತ್ರೆಗೆ ಬಾರದವರು ಆಸ್ಪತ್ರೆಯ ಪಟ್ಟಿಯಲ್ಲೂ ಇರುವುದಿಲ್ಲ. ಮೂರು ಪಟ್ಟಿಗಳೂ ಬಿಟ್ಟ ಮನೆಯನ್ನು ಯಾವ ಗುಣಾಕಾರವೂ ಮರಳಿ ತರುವುದಿಲ್ಲ. ಅಲ್ಲಿಗೆ ಯಾರಾದರೂ ನಡೆದೇ ಹೋಗಬೇಕು.

ನಡೆದು ಹೋದವರು ಆಶಾ ಕಾರ್ಯಕರ್ತೆಯರು. ಕೊರೊನಾ ಕಾಲದಲ್ಲಿ ರಾಜ್ಯದ ಸುಮಾರು 42,000 ಆಶಾಗಳು 1.59 ಕೋಟಿ ಮನೆಗಳನ್ನು ಸುತ್ತಿದರು ಎಂದು ಕೇಂದ್ರ ಸರ್ಕಾರವೇ ಹೊಗಳಿ ಹೇಳಿಕೆ ಕೊಟ್ಟಿತು. ಅದಾಗಿ ವಾರ ಕಳೆಯುವಷ್ಟರಲ್ಲಿ, 2020ರ ಜುಲೈ 10ರಿಂದ, ಅದೇ ಆಶಾಗಳು ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಕೆಲಸ ನಿಲ್ಲಿಸಬೇಕಾಯಿತು. ಏಪ್ರಿಲಿನಲ್ಲಿ ಬೆಂಗಳೂರಿನ ಒಂದು ಬಡಾವಣೆಯಲ್ಲಿ, ಈ ಮಾಹಿತಿ ಯಾವುದಕ್ಕೆ ಎಂಬ ಶಂಕೆಯಿಂದ ಜನ ಆಶಾಗಳನ್ನು ತಡೆದು ಹಲ್ಲೆ ಮಾಡಿದ್ದೂ ಆಗಿತ್ತು. ಗುರುತಿನ ಮುಖ ಮತ್ತು ಸರಿಯಾದ ಸಂಬಳ ಇವೆರಡನ್ನು ಸಮೀಕ್ಷೆಯ ಖರ್ಚು ಎಂದು ಸರ್ಕಾರಗಳು ಇನ್ನೂ ಎಣಿಸಿಲ್ಲ.

2021ರಲ್ಲಿ ಆಗಬೇಕಿದ್ದ ಜನಗಣತಿಗೆ ಈಗ 2027ರ ಮಾರ್ಚ್ 1 ಗೊತ್ತುಪಡಿಸಲಾಗಿದೆ. ಈ ಸಲ ಜನ ತಾವೇ ಆನ್‌ಲೈನಿನಲ್ಲಿ ವಿವರ ತುಂಬುವ ಅವಕಾಶವಿದೆ, ಗಣತಿದಾರರ ಕೈಯಲ್ಲೂ ಮೊಬೈಲ್ ಇರುತ್ತದೆ. ಇದು ಒಳ್ಳೆಯದೇ. ಆದರೆ ಮುಂದಿನ ಸಲ ರೋಗವೋ ಮಳೆಯೋ ದಾರಿ ಮುಚ್ಚುವ ಮುನ್ನ ಪ್ರತಿ ತಾಲ್ಲೂಕಿನಲ್ಲೂ ಒಂದು ಪಟ್ಟಿ ಸಿದ್ಧವಿರಲಿ: ಯಾವ ಹಾಡಿಗೆ ನೆಟ್‌ವರ್ಕ್ ಇಲ್ಲ, ಯಾವ ಮನೆಯವರು ಯಾವ ತಿಂಗಳು ಯಾವ ಗಡಿಯಾಚೆ ಇರುತ್ತಾರೆ, ಅಲ್ಲಿಗೆ ನಡೆದು ಹೋಗುವವರು ಯಾರು, ಅವರ ದಿನದ ಕೂಲಿ ಎಷ್ಟು. ಗ್ರಾಮ ಪಂಚಾಯಿತಿಗಳು ಈ ಕೆಲಸವನ್ನು ಇವತ್ತೇ ಶುರುಮಾಡಬಹುದು, ಅದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ.