ಓರೆಬೆಳಕು, ನೆತ್ತಿಬೆಳಕು: ಜಪಾನಿ ಒಳಾಂಗಣ ಮತ್ತು ರೋಣ ಸೀಮೆಯ ಮಾಳಿಗೆ ಮನೆ

ಜಪಾನಿ ಹೋಟೆಲಿನ ಒಳಾಂಗಣವೆಂದರೆ ಬಿದಿರು, ಕಾಗದದ ಜಾರುಬಾಗಿಲು, ಮಂದ ದೀಪ ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಈ ಸಾಮಗ್ರಿಗಳ ಹಿಂದಿನ ತರ್ಕ ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳ ಬಯಲಿಗೆ ಎಷ್ಟು ಸಲ್ಲುತ್ತದೆ ಎಂಬುದು ಇಲ್ಲಿನ ಪ್ರಶ್ನೆ.

ಆ ಶೈಲಿಯ ಬೇರು ಚಹಾ ಕೋಣೆಯಲ್ಲಿದೆ. ಚಹಾ ಗುರು ಸೆನ್ ನೊ ರಿಕ್ಯೂ (1522–1591) ರೂಪಿಸಿದನೆನ್ನಲಾದ ತಾಯಿಆನ್ ಎಂಬ ಚಹಾ ಕೋಣೆ ಕ್ಯೋತೊ ಸಮೀಪದ ಯಾಮಾಝಾಕಿಯ ಮ್ಯೋಕಿಆನ್ ಮಠದಲ್ಲಿ ಇಂದಿಗೂ ಉಳಿದಿದೆ. ಕುಳಿತುಕೊಳ್ಳಲು ಎರಡೇ ತತಾಮಿ ಚಾಪೆಯಷ್ಟು ಜಾಗ. ಮಣ್ಣಿನ ಗೋಡೆ, ಅದಕ್ಕೆ ಬೆರೆಸಿದ ಹುಲ್ಲಿನ ಎಳೆಗಳು ಮೇಲೆಯೇ ಕಾಣುತ್ತವೆ. ಕಿಟಕಿಯ ಕಾಗದದಲ್ಲಿ ಸೋಸಿ ಬಂದ ಬೆಳಕನ್ನು ಆ ಒರಟು ಮೈ ಹೀರಿಕೊಳ್ಳುತ್ತದೆ. ಕಾದಂಬರಿಕಾರ ತಾನಿಝಾಕಿ ಜುನ್‌ಇಚಿರೊ 1933–34ರಲ್ಲಿ ನೆರಳನ್ನು ಕುರಿತು ಬರೆದ ಪ್ರಬಂಧ ಎತ್ತಿಹಿಡಿದದ್ದು ಇಂಥ ನಸುಗತ್ತಲನ್ನೇ.

ರೋಣ ಸೀಮೆಯ ಹಳೆಯ ಮಾಳಿಗೆ ಮನೆಗೂ ಮಣ್ಣೇ ಆಧಾರ. ಗೋಡೆ ಮಣ್ಣಿನದು, ಗಜೇಂದ್ರಗಡದ ಗುಡ್ಡದಂಚಿನಲ್ಲಿ ಕಲ್ಲಿನದೂ ಹೌದು. ಕಂಬ, ತೊಲೆ, ಜಂತಿಗಳ ಮೇಲೆ ಸವಳು ಮಣ್ಣಿನ ಹೊದಿಕೆ. ಮಳೆ ಕಡಿಮೆಯಾದ್ದರಿಂದ ಸಮತಟ್ಟಾದ ಮಾಳಿಗೆ ಇಲ್ಲಿ ಬಾಳಿಕೆ ಬಂತು. ಆದರೆ ಬೆಳಕು ಇಳಿಯುವುದು ಮಾಳಿಗೆಯ ಬೆಳಕಿಂಡಿಯಿಂದ. ಮನೆಗಳು ಗೋಡೆಗೆ ಗೋಡೆ ತಾಗಿ ನಿಂತಿರುವುದು ಇದಕ್ಕೊಂದು ಕಾರಣ. ಸೂರ್ಯನ ದಾರಿ ಇನ್ನೊಂದು. ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚು ಮುಖ್ಯ. ರೋಣ, ನರಗುಂದ, ಗಜೇಂದ್ರಗಡ ಮೂರೂ ಉತ್ತರ ಅಕ್ಷಾಂಶ 15.7 ಡಿಗ್ರಿಯ ಆಸುಪಾಸಿನಲ್ಲಿವೆ. ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೆಯ ವಾರ ಸೂರ್ಯ ಇಲ್ಲಿ ನಡುನೆತ್ತಿಗೆ ಬರುತ್ತಾನೆ. ಸಣ್ಣ ಕಿಂಡಿಯೇ ಪಡಸಾಲೆಯನ್ನು ಬೆಳಗಿಸುತ್ತದೆ. ದೊಡ್ಡದಾದರೆ ಬೆಳಕಿನ ಜತೆ ಕಾವೂ ಒಳಬರುತ್ತದೆ. 35 ಡಿಗ್ರಿಯ ಹತ್ತಿರವಿರುವ ಯಾಮಾಝಾಕಿಯಲ್ಲಿ ಸೂರ್ಯ ಎಂದೂ ನೆತ್ತಿಗೇರುವುದಿಲ್ಲ. ಡಿಸೆಂಬರ್ ಕೊನೆಯ ನಡುಹಗಲಿಗೆ ಅವನ ಎತ್ತರ ಸುಮಾರು 32 ಡಿಗ್ರಿ ಮಾತ್ರ. ಅಲ್ಲಿನ ಓರೆಬೆಳಕನ್ನು ಗೋಡೆಯ ಕಿಟಕಿ ಪಳಗಿಸಿತು, ಇಲ್ಲಿನ ನೆತ್ತಿಬೆಳಕನ್ನು ಮಾಳಿಗೆಯ ಕಿಂಡಿ.

ಆದ್ದರಿಂದ ಈ ಭಾಗದಲ್ಲಿ ಹೊಸ ಖಾನಾವಳಿ ಕಟ್ಟುವವರು ಜಪಾನಿನಿಂದ ಕಾಗದದ ಕಿಟಕಿಯನ್ನು ತರಬೇಕಿಲ್ಲ. ಬಣ್ಣ ಬಳಿಯದ ಮಣ್ಣಿನ ಗೋಡೆ, ಅದರ ಪಕ್ಕಕ್ಕೇ ಗಾಜು ಮುಚ್ಚಿದ ಬೆಳಕಿಂಡಿ, ಉಣ್ಣುವವರ ಮೇಲೆ ಬೀಳದೆ ಗೋಡೆಯನ್ನು ಸವರಿ ಇಳಿಯುವ ಬೆಳಕು, ಗಜೇಂದ್ರಗಡದ ಕೈಮಗ್ಗದ ಹತ್ತಿ ಬಟ್ಟೆಯ ಪರದೆ: ಇಷ್ಟರಲ್ಲೇ ಜೋಳದ ರೊಟ್ಟಿಯ ಬಿಳುಪೂ ಎಣಗಾಯಿಯ ಗಾಢ ಬಣ್ಣವೂ ಸರಿಯಾಗಿ ಕಾಣುತ್ತವೆ. ತಾರಸಿ ಮನೆಗಳಿಗಾಗಿ ಮಾಳಿಗೆ ಮನೆಗಳು ಉರುಳುತ್ತಿವೆ. ಉಳಿದವುಗಳ ಬೆಳಕಿಂಡಿಯ ಅಳತೆ, ಜಾಗ, ದಿಕ್ಕುಗಳನ್ನು ನಮ್ಮ ವಾಸ್ತುಶಿಲ್ಪ ಕಾಲೇಜುಗಳು ಈಗಲೇ ದಾಖಲಿಸಬೇಕು.