ಸಿಗ್ನಲ್ (ಕೊರಿಯನ್ ಧಾರಾವಾಹಿ)

ದಕ್ಷಿಣ ಕೊರಿಯಾದ ಟಿವಿಎನ್ ವಾಹಿನಿಯಲ್ಲಿ 2016ರ ಜನವರಿಯಿಂದ ಮಾರ್ಚ್‌ವರೆಗೆ 16 ಕಂತುಗಳಲ್ಲಿ ಪ್ರಸಾರವಾದ ಪತ್ತೇದಾರಿ ಧಾರಾವಾಹಿ. ರಚನೆ ಕಿಮ್ ಯುನ್ ಹೀ, ನಿರ್ದೇಶನ ಕಿಮ್ ವೊನ್ ಸೊಕ್. 2015ರಲ್ಲಿ ಯುವ ಪೊಲೀಸ್ ಅಧಿಕಾರಿ ಪಾಕ್ ಹೆ ಯಂಗ್‌ನ ಕೈಗೆ ಬ್ಯಾಟರಿಯೇ ಇಲ್ಲದ, ಹಳದಿ ನಗುಮೊಗದ ಸ್ಟಿಕ್ಕರ್ ಅಂಟಿಸಿದ ಹಳೇ ವಾಕಿಟಾಕಿ ಸಿಗುತ್ತದೆ. ರಾತ್ರಿ 11:23ಕ್ಕೆ ಅದು ಜೀವ ತಳೆದು, 15 ವರ್ಷಗಳ ಹಿಂದೆ ಕಾಣೆಯಾದ ಪತ್ತೇದಾರ ಲೀ ಜೆ ಹಾನ್‌ನ ದನಿ ಕೇಳಿಸುತ್ತದೆ. ಇದನ್ನು ಕಾಲಯಾನದ ಕಥೆಯೆಂದು ಗುರುತಿಸುವುದೇ ವಾಡಿಕೆ. ಆದರೆ ಕಥೆಯ ತಳಪಾಯ ಇರುವುದು ಮೊಕದ್ದಮೆ ಹೂಡಲು ಕಾನೂನು ವಿಧಿಸುವ ಕಾಲಮಿತಿಯಲ್ಲಿ. ಮೊದಲ ಪ್ರಕರಣದಲ್ಲೇ, ಬಾಲಕಿಯೊಬ್ಬಳ ಅಪಹರಣ ಮತ್ತು ಕೊಲೆಯ ಆರೋಪಿಯನ್ನು ಗಡುವು ಮುಗಿಯುವ ರಾತ್ರಿಯೊಳಗೆ ಹಿಡಿಯಬೇಕು. ಗಡಿಯಾರದ ಮುಳ್ಳು ದಾಟಿದರೆ ತಪ್ಪೊಪ್ಪಿಗೆಗೂ ಬೆಲೆಯಿಲ್ಲ.

ಈ ಆತಂಕಕ್ಕೆ ಹಿನ್ನೆಲೆ ಹ್ವಾಸಾಂಗ್ ಪ್ರದೇಶದ ಸರಣಿ ಕೊಲೆಗಳು. 1986ರಿಂದ 1991ರ ನಡುವೆ ಅಲ್ಲಿ 10 ಕೊಲೆಗಳಾದವು. ಬಾಂಗ್ ಜೂನ್ ಹೋ 2003ರಲ್ಲಿ ಅವುಗಳನ್ನಾಧರಿಸಿ ಚಲನಚಿತ್ರ ಮಾಡಿದರು. ಕೊಲೆಗೆ ಆಗ ಇದ್ದ 15 ವರ್ಷಗಳ ಮಿತಿ ಕೊನೆಯ ಪ್ರಕರಣಕ್ಕೂ 2006ರಲ್ಲಿ ಮುಗಿಯಿತು. 2007ರಲ್ಲಿ ಮಿತಿ 25 ವರ್ಷಕ್ಕೇರಿತು, 2015ರಲ್ಲಿ ರದ್ದಾಯಿತು. ಆದರೆ ಅಷ್ಟರಲ್ಲಿ ಅವಧಿ ಮೀರಿದ್ದ ಪ್ರಕರಣಗಳಿಗೆ ರದ್ದತಿ ಅನ್ವಯಿಸಲಿಲ್ಲ. ರದ್ದತಿಯ ತರುವಾಯ ಸಿಗ್ನಲ್ ಪ್ರಸಾರವಾಯಿತು. ಹಾಗಿದ್ದ ಮೇಲೆ ಅದು ಕಾನೂನು ತಿದ್ದಿಸಿತೆಂದು ಹೊಗಳುವುದು ತಪ್ಪು. ಅದು ಮಾಡಿದ್ದು ಬೇರೆ: ಗಡುವು ಹೋದರೂ ಹೋಗದ ನೋವಿಗೆ, ಸತ್ತವರ ಮನೆಯವರ ಕಾಯುವಿಕೆಗೆ ಮುಖ ಕೊಟ್ಟಿತು. ಕಾಣೆಯಾದ ಹಿರಿಯ ಲೀ ಜೆ ಹಾನ್‌ನನ್ನು ಹುಡುಕುತ್ತಲೇ ಇರುವ ಅಧಿಕಾರಿ ಚಾ ಸೂ ಹ್ಯುನ್ ಪಾತ್ರದಲ್ಲಿ ಕಿಮ್ ಹೆ ಸೂ ಆ ಕಾಯುವಿಕೆಯನ್ನು ತೋರಿಸಿದ ಪರಿ ಧಾರಾವಾಹಿಯ ಅತ್ಯುತ್ತಮ ಭಾಗ.

ನಾಳೆಯ ಸುದ್ದಿಯನ್ನು ನಿನ್ನೆಗೆ ತಿಳಿಸುವ ತನಿಖೆ ತನಿಖೆಯೇ ಅಲ್ಲ ಎಂಬ ಆಕ್ಷೇಪವಿದೆ. ಆಕ್ಷೇಪದಲ್ಲಿ ಹುರುಳಿದ್ದರೂ ಕಥೆಯನ್ನು ಪೂರ್ತಿ ನೋಡಿದರೆ ಅದು ನಿಲ್ಲುವುದಿಲ್ಲ. ವಾಕಿಟಾಕಿ ಹೇಳಿದ ಸುಳಿವಿನಿಂದ ಒಬ್ಬರು ಬದುಕಿದರೆ ಇನ್ನೊಬ್ಬರು ಸಾಯುತ್ತಾರೆ, ಬದಲಾದ ಭೂತಕಾಲ ಹೊಸ ಅನ್ಯಾಯ ಹುಟ್ಟಿಸುತ್ತದೆ. ಹೆಚ್ಚು ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಹಟ ಬಿಡದ ಪತ್ತೇದಾರನನ್ನು ವೈಭವೀಕರಿಸಿದರೆ ಪೊಲೀಸರ ತಪ್ಪು ಮರೆಯಾಗುವುದಿಲ್ಲವೇ? ಸಿಗ್ನಲ್ ಇದನ್ನು ಮರೆಮಾಚಿಲ್ಲ. ಹೆ ಯಂಗ್‌ನ ಅಣ್ಣನನ್ನೇ ಪ್ರಭಾವಿಗಳ ಮಕ್ಕಳನ್ನು ಉಳಿಸಲು ಪೊಲೀಸರು ಸುಳ್ಳು ಆರೋಪಿಯನ್ನಾಗಿಸುತ್ತಾರೆ.

ವಾಸ್ತವ ಇನ್ನೂ ಕಠೋರವಾಗಿತ್ತು. 2019ರಲ್ಲಿ, ಜೋಪಾನವಾಗಿ ಉಳಿಸಿದ್ದ ಸಾಕ್ಷ್ಯವಸ್ತುಗಳ ಡಿಎನ್‌ಎ ಪರೀಕ್ಷೆಯಿಂದ ಹ್ವಾಸಾಂಗ್ ಹಂತಕ ಗುರುತಿಗೆ ಸಿಕ್ಕ. 1994ರ ಮತ್ತೊಂದು ಕೊಲೆಗಾಗಿ ಅವನು ಆಗಲೇ ಜೀವಾವಧಿ ಶಿಕ್ಷೆಯಲ್ಲಿದ್ದ. ಹಿಂದೆ ಅವನನ್ನು ವಿಚಾರಿಸಿದ್ದರೂ ರಕ್ತದ ಗುಂಪು ಹೊಂದಲಿಲ್ಲವೆಂದು ಪೊಲೀಸರು ಕೈಬಿಟ್ಟಿದ್ದರು. ಅವನು 14 ಕೊಲೆಗಳನ್ನು ಒಪ್ಪಿಕೊಂಡರೂ ಗಡುವು ಮೀರಿದ್ದರಿಂದ ಹ್ವಾಸಾಂಗ್ ಕೊಲೆಗಳಿಗಾಗಿ ಮೊಕದ್ದಮೆ ಹೂಡಲಾಗಲಿಲ್ಲ. ಅದೇ ಸರಣಿಯ ಎಂಟನೇ ಕೊಲೆಗಾಗಿ ಸುಮಾರು 20 ವರ್ಷ ಸೆರೆಯಲ್ಲಿ ಕಳೆದಿದ್ದ ನಿರಪರಾಧಿ 2020ರ ಡಿಸೆಂಬರ್‌ನಲ್ಲಿ ಮರುವಿಚಾರಣೆಯಲ್ಲಿ ಖುಲಾಸೆಯಾದರು. ಮುಚ್ಚಿದ ಕಡತವನ್ನು ತೆರೆಯುವ ಹಕ್ಕು ಸತ್ತವರಿಗಾಗಿ ಮಾತ್ರವಲ್ಲ, ಇಂಥವರಿಗಾಗಿಯೂ ಬೇಕು.

ಜಪಾನ್ 2018ರಲ್ಲಿ ಇದರ ಮರುನಿರ್ಮಾಣ ಮಾಡಿತು. 2024ರಲ್ಲಿ 'ಗ್ಯಾರಹ್ ಗ್ಯಾರಹ್' ಎಂಬ ಹಿಂದಿ ರೂಪ ಜೀ5ನಲ್ಲಿ ಬಂತು. ಆದರೆ ಕಥೆಯ ತಳಪಾಯವಾದ ಆ ಕಾಲಮಿತಿ ಭಾರತದಲ್ಲಿ ಕೊಲೆಗೆ ಇಲ್ಲ; ದಂಡ ಪ್ರಕ್ರಿಯಾ ಸಂಹಿತೆ ಅಂಥ ಮಿತಿಯನ್ನು ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗಷ್ಟೇ ವಿಧಿಸಿತ್ತು. ಕರ್ನಾಟಕದ ಠಾಣೆಗಳಲ್ಲಿ ಪತ್ತೆಯಾಗದ ಪ್ರಕರಣಕ್ಕೆ 'ಸಿ ರಿಪೋರ್ಟ್' ಸಲ್ಲಿಸಿದ ಮೇಲೂ, ಹೊಸ ಸುಳಿವು ಸಿಕ್ಕರೆ ತನಿಖೆ ಮುಂದುವರಿಸಲು ಕಾನೂನಿನ ಅಡ್ಡಿಯಿಲ್ಲ.